ಎಫ್‌ಎನ್‌ಯು ಗೌರಮ್ಮ

ಅಣ್ಣ ನ್ಯೂಜೆರ್ಸಿಗೆ ಹೋಗಿ ಎಂಟು ವರ್ಷವಾಗಿತ್ತು. ಹೊಸ ಮನೆ ಕೊಂಡ ಮೇಲೆ, ಅಪ್ಪ ಅಮ್ಮ ಒಂದ್ಸಲ ಬಂದು ಹೋಗಲಿ ಅಂತ ಹಟ ಹಿಡಿದ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅವರಿಬ್ಬರೇ ಇರುವುದು. ನಾನು ಬೆಂಗಳೂರಲ್ಲಿ. ಹಾಗಾಗಿ ವೀಸಾ ಕೆಲಸ ನನ್ನ ತಲೆಗೇ ಬಂತು.

ಮೊದಲು ಒಬ್ಬ ಏಜೆಂಟರ ಹತ್ತಿರ ಹೋಗಿದ್ದೆ. ಯಾರ ಹತ್ತಿರವಾದರೂ ಒಂದಷ್ಟು ದುಡ್ಡು ತಂದು ನಿಮ್ಮಪ್ಪನ ಖಾತೆಗೆ ಹಾಕಿಡಿ, ಸ್ಟೇಟ್‌ಮೆಂಟ್ ಚೆನ್ನಾಗಿ ಕಾಣುತ್ತೆ ಅಂದರು. ಅಲ್ಲಿಂದ ಎದ್ದು ಬಂದೆ. ಫಾರಂ ತುಂಬುವುದು ತಾನೆ, ನಾನೇ ತುಂಬಿದರಾಯ್ತು ಅಂದುಕೊಂಡೆ.

ಅಮೆರಿಕ ವೀಸಾದ ಆ ಆನ್‌ಲೈನ್ ಫಾರಂ ಹೆಸರು ಡಿಎಸ್-160. ತಲಾ ಒಂದೊಂದು. 20 ನಿಮಿಷ ಸುಮ್ಮನಿದ್ದರೆ ತಾನೇ ಮುಚ್ಚಿಕೊಳ್ಳುತ್ತೆ. ಅದಕ್ಕೇ ಶುರುವಿನಲ್ಲೇ ಸಿಗುವ ಅಪ್ಲಿಕೇಶನ್ ಐಡಿ ಬರೆದಿಟ್ಟುಕೊಳ್ಳಿ, ಪುಟಪುಟಕ್ಕೂ ಸೇವ್ ಮಾಡಿ. ಫೋಟೋ ಎರಡು ಇಂಚಿನ ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಇರಬಾರದು. ಇದಕ್ಕೆಲ್ಲ ನಾನು ತಯಾರಾಗಿದ್ದೆ. ತಯಾರಾಗದೇ ಇದ್ದದ್ದು ಮೊದಲನೇ ಪ್ರಶ್ನೆಗೆ: ಹೆಸರು.

ಅಪ್ಪನ ಹೆಸರು ರಾಮಪ್ಪ ಅಂತ ಇಟ್ಟುಕೊಳ್ಳಿ. ಅಮ್ಮ ಗೌರಮ್ಮ. (ನಿಜವಾದ ಹೆಸರು ಬೇರೆ. ಕಥೆ ಮಾತ್ರ ಇದೇ.) ಪಹಣಿಯಲ್ಲಿ ಅಪ್ಪ 'ರಾಮಪ್ಪ ಬಿನ್ ಸಿದ್ದಪ್ಪ'. ಬ್ಯಾಂಕಿನಲ್ಲಿ 'ಟಿ. ಎಸ್. ರಾಮಪ್ಪ'. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸಿದ್ದಪ್ಪ, ಗಿವನ್ ನೇಮ್ ರಾಮಪ್ಪ. ಅಂದರೆ ಅಮೆರಿಕದವರ ಲೆಕ್ಕದಲ್ಲಿ ಅವರು ಮಿಸ್ಟರ್ ಸಿದ್ದಪ್ಪ, ನಮ್ಮ ತಾತ! ಅಮ್ಮನದು ಇನ್ನೂ ಫಜೀತಿ. ಪಾಸ್‌ಪೋರ್ಟಿನಲ್ಲಿ ಗೌರಮ್ಮ ಅಂತಷ್ಟೇ ಇದೆ. ಸರ್‌ನೇಮ್ ಜಾಗ ಖಾಲಿ. ಫಾರಂ ಖಾಲಿ ಬಿಡಲು ಬಿಡುವುದಿಲ್ಲ.

ಇಲ್ಲೇ ನಾನು ಎಡವಿದ್ದು. ಗಂಡನ ಹೆಸರು ಹಾಕಿದರಾಯ್ತು ಅಂತ ಸರ್‌ನೇಮ್ ಜಾಗದಲ್ಲಿ ರಾಮಪ್ಪ ಅಂತ ತುಂಬಿ ಸಬ್ಮಿಟ್ ಮಾಡಿಬಿಟ್ಟೆ. ರಾತ್ರಿ ಮಲಗಿದ ಮೇಲೆ ಅನುಮಾನ ಶುರುವಾಯ್ತು. ಎದ್ದು ಸೂಚನೆಗಳನ್ನು ಓದಿದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು. ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯಬೇಕಂತೆ. ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ. ಅರವತ್ತನಾಲ್ಕು ವರ್ಷ ಊರೆಲ್ಲ ಗೌರಮ್ಮ, ಗೌರಮ್ಮ ಅಂತ ಕರೆದ ಹೆಂಗಸಿಗೆ! ಹೊಸ ಫಾರಂ ತುಂಬಿದೆ. ಸದ್ಯ, ಸಂದರ್ಶನದ ಅಪಾಯಿಂಟ್‌ಮೆಂಟ್ ಇನ್ನೂ ಬುಕ್ ಆಗಿರಲಿಲ್ಲ. ಬುಕ್ ಮಾಡುವಾಗ ಕೊಡುವ ಡಿಎಸ್-160 ನಂಬರೂ, ಕೈಯಲ್ಲಿ ಹಿಡಿದು ಹೋಗುವ ಬಾರ್‌ಕೋಡ್ ಹಾಳೆಯ ನಂಬರೂ ಒಂದೇ ಇರಬೇಕು.

ಇಡೀ ಫಾರಂ ಇಂಗ್ಲಿಷಿನಲ್ಲಿ. ಒಂದೇ ಒಂದು ಜಾಗದಲ್ಲಿ ಮಾತ್ರ ನಿಮ್ಮ ಭಾಷೆಯ ಲಿಪಿಯಲ್ಲಿ ಹೆಸರು ಬರೆಯಿರಿ ಅನ್ನುತ್ತೆ. ಅಲ್ಲಿ ಕನ್ನಡದಲ್ಲಿ 'ಗೌರಮ್ಮ' ಅಂತ ಟೈಪ್ ಮಾಡಿ ಒಂದು ನಿಮಿಷ ನೋಡುತ್ತಾ ಕೂತಿದ್ದೆ.

ಹುಟ್ಟಿದ ದಿನ ಸುಲಭವಾಗಿತ್ತು. ಇಬ್ಬರದೂ ಜೂನ್ 1. ಆ ಕಾಲದಲ್ಲಿ ಶಾಲೆಗೆ ಸೇರಿಸಿದ ಮೇಷ್ಟ್ರು ಅರ್ಧ ಊರಿಗೆ ಅದೇ ದಿನ ಹುಟ್ಟಿಸಿದ್ದಾರೆ.

ಕೊನೆಯಲ್ಲಿ ಬರುವ ಪ್ರಶ್ನೆಗಳನ್ನು ಅಪ್ಪನಿಗೆ ಫೋನಿನಲ್ಲಿ ಒಂದೊಂದಾಗಿ ಓದಿ ಹೇಳಿದೆ. ಉತ್ತರ ಗೊತ್ತಿದ್ದರೂ ಅವರ ಬಾಯಿಂದಲೇ ಬರಲಿ ಅಂತ. 'ನೀವು ಯಾವುದಾದರೂ ಬುಡಕಟ್ಟಿಗೆ, ಕುಲಕ್ಕೆ ಸೇರಿದವರಾ?' ಅಂದಿದ್ದಕ್ಕೆ, "ಇದೇನಮ್ಮಾ, ಅಲ್ಲೂ ಜಾತಿ ಕೇಳ್ತಾರಾ?" ಅಂದರು. ಬಂದೂಕು, ಸ್ಫೋಟಕದ ತರಬೇತಿ ಆಗಿದೆಯಾ ಅಂದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಬಾವಿ ತೋಡುವಾಗ ಸಿಡಿಮದ್ದು ಇಟ್ಟವರು ಬೇರೆಯವರು ಕಣಮ್ಮ, ನಾನಲ್ಲ" ಅಂದರು. ಇಲ್ಲ ಅಂತ ಒತ್ತಿದೆ.

ಶುಲ್ಕ ತಲಾ 185 ಡಾಲರ್, ರೂಪಾಯಿಯಲ್ಲಿ ಕಟ್ಟಬಹುದು. ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಇಲ್ಲ. ಸ್ಲಾಟ್ ಸಿಕ್ಕಿದ್ದು ಏಳು ತಿಂಗಳ ನಂತರ, ಚೆನ್ನೈನಲ್ಲಿ. ಮೊದಲ ದಿನ ಬೆರಳಚ್ಚು, ಮಾರನೇ ದಿನ ಕಾನ್ಸುಲೇಟಿನಲ್ಲಿ ಸಂದರ್ಶನ. ಎರಡೂ ಬೇರೆ ಬೇರೆ ಜಾಗ. ಒಂದು ರಾತ್ರಿ ಅಲ್ಲೇ ಉಳಿಯಬೇಕು. ಲಾಡ್ಜ್ ಮೊದಲೇ ನೋಡಿಕೊಂಡಿರಿ.

ಬೆರಳಚ್ಚು ಅಂದರೆ ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಅಪ್ಪನಿಗೆ ಅರ್ಧ ಗಂಟೆ ಹಿಡಿಯಿತಂತೆ. ಗಾಜಿನ ಮೇಲೆ ಬಲಗೈಯ ನಾಲ್ಕು ಬೆರಳು, ಎಡಗೈಯ ನಾಲ್ಕು, ಆಮೇಲೆ ಎರಡೂ ಹೆಬ್ಬೆರಳು ಇಡಬೇಕು. ನಲವತ್ತು ವರ್ಷ ಕಾಯಿ ಸುಲಿದ ಕೈ. ರೇಖೆಗಳೆಲ್ಲ ಸವೆದು ನುಣ್ಣಗಾಗಿವೆ. ರೇಷನ್ ಅಂಗಡಿಯಲ್ಲೂ ಇದೇ ತಾಪತ್ರಯ. ಬೆರಳಚ್ಚು ತೆಗೆಯುವ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, ಬೆರಳನ್ನು ಒತ್ತಿ ಹಿಡಿದು, ಮತ್ತೆ ಮತ್ತೆ ತೆಗೆದಳಂತೆ. ವಯಸ್ಸಾದ ರೈತರನ್ನು ಕರೆದುಕೊಂಡು ಹೋಗುವವರು ಒಂದು ವಾರ ಮೊದಲಿಂದ ದಿನಾ ರಾತ್ರಿ ಅವರ ಬೆರಳಿಗೆ ಎಣ್ಣೆ ಹಚ್ಚಿಸಿ. ಹೋಗುವ ದಿನ ಮಾತ್ರ ಚೆನ್ನಾಗಿ ತೊಳೆಸಿ. ಇದು ನಾನು ಆಮೇಲೆ ಕಲಿತಿದ್ದು.

ಕಾನ್ಸುಲೇಟಿನ ಒಳಗೆ ಮೊಬೈಲ್ ಬಿಡುವುದಿಲ್ಲ. ಜೊತೆಗೆ ಬಂದವರನ್ನೂ ಬಿಡುವುದಿಲ್ಲ. ಅಪ್ಪನ ಕೈಗೆ ದಪ್ಪ ಫೈಲ್ ಕೊಟ್ಟೆ: ಪಹಣಿ, ಪಾಸ್‌ಬುಕ್, ಅಣ್ಣನ ಸಂಬಳದ ಚೀಟಿ, ಅವನು ಬರೆದ ಕರೆಯೋಲೆ. ರಾತ್ರಿ ಲಾಡ್ಜಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಸಲು ನೋಡಿದ್ದೆ. ಅಪ್ಪ ಒಂದು ಹೇಳಿದರೆ ಅಮ್ಮ ಇನ್ನೊಂದು ಹೇಳುತ್ತಿದ್ದರು. ಕೊನೆಗೆ ಬಿಟ್ಟೆ. ಕೇಳಿದ್ದಕ್ಕೆ ನಿಜ ಹೇಳಿ, ಕನ್ನಡದಲ್ಲೇ ಹೇಳಿ, ಅಷ್ಟು ಸಾಕು ಅಂದೆ.

ಎದುರಿನ ಫುಟ್‌ಪಾತಿನಲ್ಲಿ ಎರಡು ಗಂಟೆ ನಿಂತಿದ್ದೆ. ಎದೆಯಲ್ಲಿ 214(ಬಿ) ಅನ್ನೋ ನಂಬರೇ ಕುಟ್ಟುತ್ತಿತ್ತು. ಅವರ ವಲಸೆ ಕಾನೂನಿನ ಆ ಕಲಮಿನ ಪ್ರಕಾರ, ವೀಸಾ ಕೇಳುವವರು ಅಲ್ಲೇ ಉಳಿಯಲು ಬಂದವರು ಅಂತಲೇ ಮೊದಲು ಲೆಕ್ಕ. ಅಲ್ಲ ಅಂತ ತೋರಿಸುವ ಹೊಣೆ ನಮ್ಮದು. ಮಗ ಅಲ್ಲೇ ಮನೆ ಮಾಡಿರುವಾಗ ಹೇಗೆ ತೋರಿಸುವುದು?

ಒಳಗೆ ನಡೆದದ್ದನ್ನು ಅಪ್ಪ ಒಂಥರ ಹೇಳುತ್ತಾರೆ, ಅಮ್ಮ ಒಂಥರ. ಇಬ್ಬರೂ ಒಪ್ಪುವುದು ಇಷ್ಟು. ಗಾಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬರು. ಯಾರನ್ನು ನೋಡಲು ಹೋಗ್ತೀರಿ, ಮಗ ಏನು ಮಾಡ್ತಾನೆ ಅಂತ ಕೇಳಿದರು. ಎಷ್ಟು ದಿನ ಇರ್ತೀರಿ ಅಂದಾಗ ಅಪ್ಪ, "ಮೂರು ತಿಂಗಳು, ಜಾಸ್ತಿ ಆಗಲ್ಲ" ಅಂದರಂತೆ. ಯಾಕೆ ಆಗಲ್ಲ?

"ಅಟ್ಟದ ಮೇಲೆ ಹನ್ನೆರಡು ಸಾವಿರ ಕಾಯಿ ಇದೆ ಸ್ವಾಮಿ. ಕೊಬ್ಬರಿ ಆಗಿರುತ್ತೆ. ಸುಲಿಸಿ ಮಾರುಕಟ್ಟೆಗೆ ಹಾಕ್ಬೇಕು. ನಾನಿಲ್ದೆ ಯಾರು ಮಾಡ್ತಾರೆ?"

ಪಕ್ಕದವರು ಅದನ್ನು ಇಂಗ್ಲಿಷಿಗೆ ಹೇಳಲು ಸ್ವಲ್ಪ ಒದ್ದಾಡಿದರಂತೆ. ಅಟ್ಟ ಅಂದರೇನು, ಕಾಯಿ ತಿಂಗಳುಗಟ್ಟಲೆ ಅಲ್ಲಿ ಯಾಕಿರುತ್ತೆ ಅಂತ ಅಧಿಕಾರಿ ಕೇಳಿದ್ದಕ್ಕೆ ಅಪ್ಪ ವಿವರಿಸಲು ಶುರು ಮಾಡಿದ್ದಾರೆ. ಅಮ್ಮ ಸೆರಗು ಹಿಡಿದು ನಗುತ್ತಿದ್ದರಂತೆ. ಫೈಲಿನಿಂದ ಒಂದು ಹಾಳೆಯನ್ನೂ ಕೇಳಲಿಲ್ಲ. ಪಾಸ್‌ಪೋರ್ಟ್ ಎರಡನ್ನೂ ಇಟ್ಟುಕೊಂಡು ಕಳಿಸಿದರು.

ವಾರದೊಳಗೆ ಪಾಸ್‌ಪೋರ್ಟ್ ಬಂದವು. ಹತ್ತು ವರ್ಷದ ವೀಸಾ. ಹಾಗಂತ ಹತ್ತು ವರ್ಷ ಅಲ್ಲೇ ಇರಬಹುದು ಅಂತಲ್ಲ. ಪ್ರತಿ ಸಲ ಎಷ್ಟು ದಿನ ಅನ್ನುವುದನ್ನು ಅಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲಿರುವ ಗಡಿ ಅಧಿಕಾರಿಗಳು ತೀರ್ಮಾನಿಸುತ್ತಾರೆ. ಇವರಿಗೆ ಆರು ತಿಂಗಳು ಕೊಟ್ಟರು. ಅಪ್ಪ ಹೇಳಿದ ಹಾಗೆ ಮೂರಕ್ಕೇ ವಾಪಸಾದರು.

ಈಗ ಅತ್ತೆ ಮಾವನ ಸರದಿ. ಅತ್ತೆಯ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರು. ಈ ಸಲ ವೀಸಾ ಫಾರಂ ತೆರೆಯುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿದ್ದೇನೆ. ಸರ್‌ನೇಮ್ ಏನು ಹಾಕಿಸೋಣ ಅಂತ ಅತ್ತೆಯನ್ನು ಕೇಳಿದರೆ, "ನನ್ನ ತವರೂರಿನದು ಹಾಕ್ಸು" ಅಂತಾರೆ. ಮಾವ ಇನ್ನೂ ಒಪ್ಪಿಲ್ಲ.