ಕಂಪೋಂಗ್ ಅಂಚಿನಲ್ಲಿ ಮನೆ ಮಾಡಿದವರಿಗೆ: ಸಂಘದ ಹೊಸಬರ ಮಾರ್ಗದರ್ಶಿ

ಮಲೇಷ್ಯಾಕ್ಕೆ ಬರುವ ನಮ್ಮವರಲ್ಲಿ ಜಾಸ್ತಿ ಜನ ಮೊದಲು ಇಳಿಯುವುದು ಕಾಂಡೋ, ಅಂದರೆ ಅಪಾರ್ಟ್‌ಮೆಂಟುಗಳಲ್ಲಿ. ಅವರಿಗೆ ಈ ಬರಹ ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ಅಂಗಳ ಸಿಗುತ್ತದೆ, ಮಕ್ಕಳಿಗೆ ಆಡಲು ಜಾಗ ಇರುತ್ತದೆ ಅಂತ ಕೆಲವರು ಕೌಲಾಲಂಪುರದ ಹತ್ತಿರ ಸೆಪಾಂಗ್, ಹುಲು ಲಂಗಾಟ್ ಕಡೆ, ಪೆನಾಂಗಿನಲ್ಲಾದರೆ ತೆಲುಕ್ ಕುಂಬಾರ್ ಕಡೆ, ಮಲಯ್ ಹಳ್ಳಿಯ ಅಂಚಿನಲ್ಲಿ ಮನೆ ಹಿಡಿಯುತ್ತಾರೆ. ಹಳ್ಳಿಗೆ ಇಲ್ಲಿ ಕಂಪೋಂಗ್ ಅನ್ನುತ್ತಾರೆ. ಇದು ಆ ಮನೆಗಳಿಗೆ ಬರೆದದ್ದು.

ನೆರೆಯವರು ಕೆಲಸಕ್ಕೆ ಕರೆದರೆ ಏನು ಮಾಡಬೇಕು, ಅವರು 'ಬೇಡ' ಅಂದದ್ದನ್ನು ಹೇಗೆ ತೆಗೆದುಕೊಳ್ಳಬೇಕು, ಇವೆರಡೇ ಇಲ್ಲಿನ ವಿಷಯ. ಇವು ಬೇರೆ ಬೇರೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಕಾಡು, ಹೊಳೆ, ಕತ್ತಲೆಯ ಪಕ್ಕದಲ್ಲೇ ತಲೆಮಾರುಗಳಿಂದ ಬದುಕಿದ ಜನ ಒಬ್ಬರನ್ನೊಬ್ಬರು ಕಾಯ್ದುಕೊಂಡು ಬಂದಿದ್ದಾರೆ. ಮದುವೆ ಮನೆಯಲ್ಲಿ ಈರುಳ್ಳಿ ಸುಲಿಯಲು ಬರುವ ಅಜ್ಜಿಯೇ ಸಂಜೆ ನಿಮ್ಮ ಮಗುವನ್ನು ಗದರಿಸಿ ಒಳಗೆ ಕಳಿಸುತ್ತಾಳೆ.

ಮೊದಲ ವಾರ

ಬಂದ ಎರಡು ಮೂರು ದಿನದಲ್ಲೇ ಊರ ಮುಖ್ಯಸ್ಥರನ್ನು ಕಂಡು ಬನ್ನಿ. ಅವರು ಕೆತುವಾ ಕಂಪೋಂಗ್. ಮಾತಿನಲ್ಲಿ 'ತೊಕ್ ಕೆತುವಾ' ಅಂದರೆ ಸಾಕು. ಸಂಸಾರ ಸಮೇತ ಹೋಗಿ, ಹೆಸರು ಹೇಳಿ, ಯಾವ ಮನೆ ಅಂತ ತಿಳಿಸಿ. ಸ್ವಲ್ಪ ಹಣ್ಣು ಒಯ್ದರೆ ಚೆನ್ನ.

ದೊಡ್ಡ ಹೆಂಗಸರನ್ನು ಮಕ್ ಚಿಕ್, ದೊಡ್ಡ ಗಂಡಸರನ್ನು ಪಾಕ್ ಚಿಕ್ ಅನ್ನಿ. ನಿಮಗಿಂತ ಸ್ವಲ್ಪ ದೊಡ್ಡವರಿಗೆ ಅಬಾಂಗ್, ಕಾಕಕ್. ಬರೀ ಹೆಸರು ಹಿಡಿದು ಕರೆಯಬೇಡಿ. ನಮ್ಮೂರಲ್ಲಿ ಅಣ್ಣ, ಅಕ್ಕ, ಚಿಕ್ಕಮ್ಮ ಅಂತೀವಲ್ಲ, ಹಾಗೇ.

ಹಳೆಯ ಮನೆಗಳು ಕಂಬದ ಮೇಲೆ ನಿಂತಿರುತ್ತವೆ. ಮೆಟ್ಟಿಲ ಬುಡದಲ್ಲಿ ದೊಡ್ಡ ಮಣ್ಣಿನ ಹಂಡೆ, ಅದರ ಮೇಲೊಂದು ಚೊಂಬು ಕಂಡರೆ ಅದು ಕಾಲು ತೊಳೆಯಲು. ಚಪ್ಪಲಿ ಕೆಳಗೇ ಬಿಡಿ. ಕೂತವರ ಮುಂದೆ ಹಾದು ಹೋಗುವಾಗ ಸ್ವಲ್ಪ ಬಗ್ಗಿ, ಬಲಗೈ ಕೆಳಗೆ ಚಾಚಿ ಹೋಗಿ. ಏನಾದರೂ ತೋರಿಸಬೇಕಾದರೆ ತೋರುಬೆರಳು ಬೇಡ, ಹೆಬ್ಬೆರಳು ಬಳಸಿ. ಗಂಡಸರು ಹೆಂಗಸರಿಗೆ ತಾವಾಗಿ ಕೈ ಚಾಚುವುದು ಬೇಡ. ಎದೆಯ ಮೇಲೆ ಕೈ ಇಟ್ಟು ನಕ್ಕರೆ ಅದೇ ನಮಸ್ಕಾರ.

ಕೆಲಸಕ್ಕೆ ಕರೆದರೆ

ಊರೊಟ್ಟಿನ ಕೆಲಸಕ್ಕೆ ಗೊತೊಂಗ್ ರೊಯೊಂಗ್ ಅನ್ನುತ್ತಾರೆ. ಚರಂಡಿ ತೆಗೆಯುವುದು, ಹುಲ್ಲು ಕತ್ತರಿಸುವುದು, ಸುರಾವ್ (ಚಿಕ್ಕ ಪ್ರಾರ್ಥನಾ ಮಂದಿರ) ಸುತ್ತ ಶುಚಿ ಮಾಡುವುದು, ಹಬ್ಬಕ್ಕೆ ಮುಂಚೆ ಸ್ಮಶಾನ ಗುಡಿಸುವುದು ಎಲ್ಲ ಇದರಲ್ಲಿ ಬರುತ್ತವೆ. ಡೆಂಗಿ ಸೊಳ್ಳೆ ಇಲ್ಲಿ ವರ್ಷವಿಡೀ ಕಾಟ ಕೊಡುವುದರಿಂದ ಚರಂಡಿ ಕೆಲಸ ತಮಾಷೆಯದ್ದಲ್ಲ. ಸಾಮಾನ್ಯವಾಗಿ ರಜೆ ದಿನ ಬೆಳಿಗ್ಗೆ ಇರುತ್ತದೆ. ಕೆಲಾಂತನ್, ತೆರೆಂಗಾನು, ಕೆಡಾ ರಾಜ್ಯಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಜೊಹೋರ್ 2025ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಮರಳಿದೆ. ನೀವಿರುವ ರಾಜ್ಯ ನೋಡಿಕೊಳ್ಳಿ.

ಹಳೇ ಮೈಸೂರು ಕಡೆಯ ಹಳ್ಳಿಯಿಂದ ಬಂದವರಿಗೆ ಮುಯ್ಯಾಳು ಗೊತ್ತಿರುತ್ತದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇದು ಅದೇ ಜಾತಿಯದ್ದು. ಹಿಂದೆ ಮರದ ಮನೆಯೊಂದನ್ನು ಬೇರೆ ಜಾಗಕ್ಕೆ ಸಾಗಿಸಬೇಕಾದರೆ ಊರಿನ ಗಂಡಸರೆಲ್ಲ ಕೆಳಗೆ ಬೊಂಬು ಕೊಟ್ಟು, ಮನೆಯನ್ನೇ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಅದಕ್ಕೆ ಉಸೊಂಗ್ ರುಮಾ ಅನ್ನುತ್ತಾರೆ. ಈಗಲೂ ಅಪರೂಪಕ್ಕೆ ನಡೆಯುತ್ತದೆ.

ನಮ್ಮವರು ಮಾಡುವ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಮೊದಲ ವರ್ಷ ಕರೆ ಬಂದಾಗ ನನಗೆ ಆಫೀಸಿನ ಕೆಲಸ ಇತ್ತು. ದುಡ್ಡು ಕೊಟ್ಟು ಒಬ್ಬ ಆಳನ್ನು ಕಳಿಸಿದೆ. ಅವನು ನನಗಿಂತ ಚೆನ್ನಾಗಿಯೇ ಕೆಲಸ ಮಾಡಿದ. ಯಾರೂ ಏನೂ ಅನ್ನಲಿಲ್ಲ. ಮುಂದಿನ ಸಲ ನಮ್ಮ ಮನೆಗೆ ಕರೆ ಬರಲಿಲ್ಲ, ಅಷ್ಟೇ. ಮತ್ತೆ ಕರೆಸಿಕೊಳ್ಳಲು ಸುಮಾರು ಒಂದು ವರ್ಷ ಬೇಕಾಯಿತು. ಅರ್ಧ ಗಂಟೆಯಾದರೂ ನೀವೇ ಹೋಗಿ. ಪೊರಕೆ ಹಿಡಿಯಿರಿ, ಕೊನೆಗೆ ಎಲ್ಲರ ಜೊತೆ ಕೂತು ಟೀ ಕುಡಿಯಿರಿ. ಆ ಟೀಯನ್ನೂ ಕೆಲಸದ ಭಾಗವೆಂದೇ ಎಣಿಸಿ.

ಮದುವೆ ಮನೆಯ ರೆವಾಂಗ್

ಊಟ ಹಾಕುವ ಸಮಾರಂಭಕ್ಕೆಲ್ಲ ಕೆಂದೂರಿ ಅನ್ನುತ್ತಾರೆ. ಕಲಬುರಗಿ ಕಡೆಯವರಿಗೆ ಕಂದೂರಿ ಗೊತ್ತು, ಅಲ್ವಾ? ಎರಡೂ ಪಾರಸಿಯಿಂದ ಬಂದ ಒಂದೇ ಪದ. ಕೆಂದೂರಿಗೆ ಮುಂಚಿನ ದಿನ ಊರೇ ಸೇರಿ ಅಡುಗೆ ಮಾಡುವುದು ರೆವಾಂಗ್. ಈಚೆಗೆ ಕೇಟರಿಂಗ್ ಬಂದು ಕಡಿಮೆಯಾಗಿದೆ. ಎಲ್ಲಿ ಉಳಿದಿದೆಯೋ ಅಲ್ಲಿ ತಪ್ಪಿಸಿಕೊಳ್ಳಬೇಡಿ.

ನಾನು ಮತ್ತು ನನ್ನ ಹೆಂಡತಿ ಮೊದಲ ಸಲ ಹೋದಾಗ ಸಂಜೆ ನಾಲ್ಕು ಗಂಟೆ. ಮನೆ ಪಕ್ಕದಲ್ಲಿ ಶಾಮಿಯಾನ. ಕೆಳಗೆ ಚಾಪೆ ಹಾಸಿ ಇಪ್ಪತ್ತು ಹೆಂಗಸರು ಕೂತಿದ್ದರು. ನಡುವೆ ಸಣ್ಣ ಕೆಂಪು ಈರುಳ್ಳಿಯ ಗುಡ್ಡೆ. ನನ್ನ ಹೆಂಡತಿಗೆ ಯಾರೂ ಏನೂ ಕೇಳಲಿಲ್ಲ. ಒಬ್ಬ ಮಕ್ ಚಿಕ್ ಸ್ವಲ್ಪ ಸರಿದು ಜಾಗ ಮಾಡಿ, ಕೈಗೆ ಚಾಕು ಕೊಟ್ಟರು. ಅಷ್ಟರಲ್ಲಿ ಪರಿಚಯ ಮುಗಿದಿತ್ತು. ಗಂಡಸರ ಕಡೆ ಸೌದೆ ಒಲೆಯ ಮೇಲೆ ಆಳೆತ್ತರದ ಸೌಟಿನಲ್ಲಿ ತಿರುವುವಂಥ ದೊಡ್ಡ ಬಾಣಲೆ. ಮಾಂಸದ ಅಡುಗೆ, ನಾನು ಮುಟ್ಟುವವನಲ್ಲ. ಅವರಿಗದು ತಾನಾಗಿ ಅರ್ಥವಾಯಿತು. ತೆಂಗಿನಕಾಯಿ ತುರಿಯುವ ಕಡೆಗೆ ಕಳಿಸಿದರು. ರಾತ್ರಿ ಹತ್ತರ ತನಕ ತುರಿದೆ. ಊರಿನ ಯಾವ ಮಗು ಯಾರದ್ದು, ಯಾರ ಮಗ ಎಲ್ಲಿ ಕೆಲಸಕ್ಕಿದ್ದಾನೆ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲ ಆ ಒಂದು ಸಂಜೆಯಲ್ಲಿ ತಿಳಿಯಿತು.

ಮದುವೆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಸರಿ. ಕೈಲಾದಷ್ಟು ದುಡ್ಡನ್ನು ಕವರಿನಲ್ಲಿಟ್ಟು, ಹೊರಡುವಾಗ ಮನೆಯವರ ಕೈ ಹಿಡಿದು ಕೊಡುವುದು ರೂಢಿ. ಮೈ ಮುಚ್ಚುವ ಸೀರೆ, ಸಲ್ವಾರ್ ಎರಡೂ ಒಪ್ಪುತ್ತವೆ. ಬರುವಾಗ ಹೂವಿನ ಅಲಂಕಾರದ ಜೊತೆ ಬೇಯಿಸಿದ ಮೊಟ್ಟೆ ಕೊಟ್ಟರೆ ಬೇಡ ಅನ್ನಬೇಡಿ. ಅದು ಬುಂಗಾ ತೆಲುರ್, ಮಂಗಳದ ಉಡುಗೊರೆ. ತಿನ್ನದಿದ್ದರೂ ತೆಗೆದುಕೊಳ್ಳಿ.

ಸಸ್ಯಾಹಾರಿಗಳು ಗಮನಿಸಿ

ತರಕಾರಿ ಪಲ್ಯ ಅಂತ ಕಂಡದ್ದೆಲ್ಲ ತರಕಾರಿಯಲ್ಲ. ಸಂಬಾಲ್‌ನಲ್ಲಿ (ಮೆಣಸಿನಕಾಯಿ ಚಟ್ನಿ) ಬೆಲಾಚಾನ್ (ಸಿಗಡಿಯ ಪೇಸ್ಟ್) ಇರುತ್ತದೆ, ಸೊಪ್ಪಿಗೆ ಒಣ ಮೀನು ಬಿದ್ದಿರುತ್ತದೆ. ಮೊದಲೇ ಮೆಲ್ಲಗೆ ಹೇಳಿಡಿ. ಅರಿಶಿನ ಹಾಕಿದ ಅಂಟಕ್ಕಿ ಅನ್ನ ಪುಲುತ್ ಕುನಿಂಗ್ ಸಾಮಾನ್ಯವಾಗಿ ನಡೆಯುತ್ತದೆ. ಒಂಡೆ ಒಂಡೆ ಅಂತೂ ನಮ್ಮ ಕಡುಬಿನ ತಂಗಿ. ಅಂಟಕ್ಕಿ ಹಿಟ್ಟಿನ ಉಂಡೆಯೊಳಗೆ ತಾಳೆ ಬೆಲ್ಲ, ಮೇಲೆ ಕಾಯಿತುರಿ. ಬಾಯಲ್ಲಿಟ್ಟರೆ ಬೆಲ್ಲ ಚಿಮ್ಮುತ್ತದೆ.

ಬಡಿಸಿದ್ದನ್ನು ಪೂರ್ತಿ ನಿರಾಕರಿಸುವುದು ಮಾತ್ರ ಬೇಡ. ಕೆಂಪುನಾನ್ ಅಂತ ಒಂದು ನಂಬಿಕೆ ಇದೆ. ಮುಂದಿದ್ದ ತಿಂಡಿಯನ್ನು ಬಿಟ್ಟು ಎದ್ದರೆ, ಆಸೆಪಟ್ಟದ್ದು ಸಿಗದೆ ಹೊರಟರೆ, ದಾರಿಯಲ್ಲಿ ಕೇಡಾಗುತ್ತದೆ ಅಂತ. ಅದಕ್ಕೇ 'ಜಾಮಾ ಸಿಕಿತ್' ಅಂತ ಬಲವಂತ ಮಾಡುತ್ತಾರೆ, ಒಂಚೂರು ರುಚಿ ನೋಡಿ ಅಂತ. ಹೆದರಿಕೆ ನಿಮ್ಮ ಮೇಲಿನ ಅಕ್ಕರೆಯಿಂದ ಬಂದದ್ದು. ತಿನ್ನಬಹುದಾದ ಒಂದು ತುಣುಕು ಬಾಯಿಗೆ ಹಾಕಿಕೊಳ್ಳಿ.

ನಿಮ್ಮ ಮನೆಯಿಂದ ಕೊಡುವಾಗ ದೇವರಿಗೆ ನೈವೇದ್ಯ ಮಾಡಿದ್ದನ್ನು ಕೊಡಬೇಡಿ. ಅವರ ಧರ್ಮದಲ್ಲಿ ಅದು ನಡೆಯುವುದಿಲ್ಲ, ಹೇಳದೆ ಕೊಟ್ಟರೆ ಮೋಸವಾಗುತ್ತದೆ. ಹಣ್ಣು, ಹಲಾಲ್ ಗುರುತಿರುವ ಅಂಗಡಿ ತಿಂಡಿ ಕೊಡುವುದು ಒಳ್ಳೆಯದು. ರಂಜಾನ್‌ನಲ್ಲಿ ಉಪವಾಸ ಬಿಡುವ ಹೊತ್ತಿಗೆ ಮುಂಚೆ ಪಕ್ಕದ ಮನೆಯಿಂದ ತಟ್ಟೆ ಬರುತ್ತದೆ. ಆ ತಟ್ಟೆ ಖಾಲಿ ವಾಪಸು ಹೋಗಬಾರದು. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಪಾಂತಾಂಗ್: 'ಬೇಡ' ಅನ್ನುವ ಮಾತುಗಳು

ಮಾಡಬಾರದ್ದಕ್ಕೆ ಪಾಂತಾಂಗ್ ಅನ್ನುತ್ತಾರೆ. ಪಟ್ಟಿ ಕೇಳಿದರೆ ನಿಮ್ಮ ಅಜ್ಜಿ ನೆನಪಾಗುತ್ತಾರೆ. ರಾತ್ರಿ ಉಗುರು ಕತ್ತರಿಸಬಾರದು. ರಾತ್ರಿ ಕಸ ಗುಡಿಸಬಾರದು, ಸಂಪತ್ತು ಹೊರಗೆ ಹೋಗುತ್ತದೆ. ಮದುವೆಯಾಗದ ಹುಡುಗಿ ಬಾಗಿಲಲ್ಲಿ ಕೂತರೆ ಗಂಡು ಬರುವುದಿಲ್ಲ. ಅಡುಗೆಮನೆಯಲ್ಲಿ ಹಾಡಿದರೆ ಮುದಿ ಗಂಡ ಸಿಗುತ್ತಾನೆ. ದಿಂಬಿನ ಮೇಲೆ ಕೂತರೆ ಕುಂಡೆಗೆ ಕುರು. ಮನೆಯೊಳಗೆ ಚಿಟ್ಟೆ ಬಂದರೆ ನೆಂಟರು ಬರುತ್ತಾರೆ.

ಇವನ್ನೆಲ್ಲ ನಗುತ್ತಾ ಹೇಳುತ್ತಾರೆ. ನಗದೆ ಹೇಳುವುದು ಮುಸ್ಸಂಜೆಯದ್ದು. ಮಗ್ರಿಬ್ ಹೊತ್ತು, ಅಂದರೆ ಇಲ್ಲಿ ಸುಮಾರು 7ರಿಂದ 7.30ರ ಒಳಗೆ, ಮಕ್ಕಳು ಹೊರಗಿರಬಾರದು. ಬೆಳಕು ಕಂತುವಾಗ ದೆವ್ವಗಳು ಓಡಾಡುತ್ತವೆ ಅನ್ನುವ ನಂಬಿಕೆ. ಒಂದು ಸಂಜೆ ನನ್ನ ಮಗ ಸೈಕಲ್ ಬಿಟ್ಟು ಬರಲು ಒಪ್ಪಲಿಲ್ಲ. ಪಕ್ಕದ ಮನೆಯ ಅಜ್ಜಿ ಪ್ರಾರ್ಥನೆಯ ಬಿಳಿ ಬಟ್ಟೆಯಲ್ಲೇ ಅಂಗಳ ದಾಟಿ ಬಂದು, ಅವನ ಕೈ ಹಿಡಿದು ನಮ್ಮ ಬಾಗಿಲಿಗೆ ತಂದು ಬಿಟ್ಟರು. ನನಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ದೀಪ ಹಚ್ಚುವ ಹೊತ್ತಿಗೆ ನಾವೂ ಒಳಗಿರಬೇಕಿತ್ತಲ್ಲ.

ಕಾಡಿಗೆ, ಜಲಪಾತಕ್ಕೆ ಊರವರ ಜೊತೆ ಹೋದರೆ ಬಾಯಿ ಮೇಲೆ ಹಿಡಿತ ಇರಲಿ. 'ಇಲ್ಲಿ ಹುಲಿ ಇದ್ಯಾ?' ಅಂತ ಕೂಗಬೇಡಿ. ಹುಲಿಗೆ ಪಾಕ್ ಬೆಲಾಂಗ್ ಅನ್ನುತ್ತಾರೆ, ಪಟ್ಟೆಯಪ್ಪ ಅಂದ ಹಾಗೆ. ರಾತ್ರಿ ಹಾವು ಅನ್ನದೆ ಹುಳ ಅನ್ನುವವರಿಗೆ ಇದನ್ನು ವಿವರಿಸಬೇಕಿಲ್ಲ. ರಾತ್ರಿ ಎಲ್ಲಿಂದಲೋ ಹೂವಿನ ವಾಸನೆ ಬಂದರೂ ಅದರ ಬಗ್ಗೆ ಮಾತೆತ್ತಬಾರದು ಅನ್ನುತ್ತಾರೆ. ಹೆರಿಗೆಯಲ್ಲಿ ಸತ್ತ ಹೆಣ್ಣು ಪೊಂತಿಯಾನಕ್ ಆಗಿ ಅಲೆಯುತ್ತಾಳೆ, ಅವಳ ಜೊತೆ ದೇವಗಣಗಿಲೆಯ ವಾಸನೆ ಬರುತ್ತದೆ ಅನ್ನುವ ನಂಬಿಕೆ. ಬಾಗಿಲ ಮೇಲೆ 'ನಾಳೆ ಬಾ' ಬರೆದ ಊರಿನಿಂದ ಬಂದವರು ನಾವು. ನಗುವ ಹಕ್ಕು ನಮಗಿಲ್ಲ.

ಹೆತ್ತ ತಾಯಿಗೆ 44 ದಿನ ಪಾಂತಾಂಗ್. ಹೊಟ್ಟೆಗೆ ಬಟ್ಟೆ ಸುತ್ತುತ್ತಾರೆ, ಬಿಸಿ ಕಲ್ಲಿನ ಕಾವು ಕೊಡುತ್ತಾರೆ, 'ತಂಪು' ಪದಾರ್ಥ ಮುಟ್ಟಿಸುವುದಿಲ್ಲ. ನಮ್ಮ ಬಾಣಂತನದ ಹಾಗೇ. ನೋಡಲು ಹೋದರೆ ಬೇಗ ಹೊರಡಿ, ಕಲ್ಲಂಗಡಿ, ಅನಾನಸ್ ಒಯ್ಯಬೇಡಿ.

ಎಲ್ಲ ಮಲಯರೂ ಇವನ್ನೆಲ್ಲ ನಂಬುತ್ತಾರೆ ಅಂತ ತಿಳಿಯಬೇಡಿ. ಧರ್ಮ ಬಲ್ಲವರು, ಓದಿದ ಹುಡುಗರು ಇದರಲ್ಲಿ ಎಷ್ಟನ್ನೋ ಖುರಾಫಾತ್, ಅಂದರೆ ಮೂಢನಂಬಿಕೆ ಅನ್ನುತ್ತಾರೆ. ಆ ಜಗಳ ಅವರ ಮನೆಯದ್ದು, ನಾವು ನಡುವೆ ಹೋಗಬಾರದು. ಮಾತಿಗೆ ಸಿಕ್ಕ ಕೂಡಲೇ 'ನಿಮ್ಮೂರಲ್ಲಿ ದೆವ್ವ ಇದೆಯಂತೆ' ಅಂತ ಶುರುಮಾಡಲೂ ಬೇಡಿ. ಬೊಮೊ (ಮಂತ್ರವಾದಿ) ಹತ್ತಿರ ಹೋಗೋಣ ಅಂತ ಯಾರಾದರೂ ಅಂದರೆ ಕೈ ಮುಗಿದು ಬೇಡ ಅನ್ನಿ. ಜ್ವರ ಬಂದರೆ ಮೊದಲು ಕ್ಲಿನಿಕ್, ರಕ್ತ ಪರೀಕ್ಷೆ. ಡೆಂಗಿ ಕಾಯುವುದಿಲ್ಲ.

ನಮ್ಮ ದೃಷ್ಟಿ, ಅವರ ಭಯ

ಗೃಹಪ್ರವೇಶಕ್ಕೆ ಕುಂಬಳಕಾಯಿ ಒಡೆದು, ಕುಂಕುಮ ಹಚ್ಚಿ ದಾರಿಯಲ್ಲಿ ಬಿಡಬೇಡಿ. ಇಳಿ ತೆಗೆದ ನಿಂಬೆಹಣ್ಣನ್ನು ತಿರುವಿನಲ್ಲಿ ಎಸೆಯಬೇಡಿ. ಇಲ್ಲಿ ಮಾಟಕ್ಕೆ ಸಿಹಿರ್ ಅನ್ನುತ್ತಾರೆ, ನಿಜವಾಗಿ ಹೆದರುತ್ತಾರೆ. ನಮ್ಮ ಮಟ್ಟಿಗೆ ಅದು ದೃಷ್ಟಿ ತೆಗೆದದ್ದು, ಪಕ್ಕದ ಮನೆಯವರ ಮಟ್ಟಿಗೆ ಯಾರೋ ಮಾಡಿಸಿ ಹಾಕಿದ್ದು. ಎಲ್ಲ ಕಾಂಪೌಂಡ್ ಒಳಗೇ ಮುಗಿಸಿ.

ಇನ್ನೊಂದು. ಪೂಜೆಗೆ ಬೇಕು ಅಂತ ನಾವು ಗೇಟಿನ ಪಕ್ಕ ದೇವಗಣಗಿಲೆ ನೆಟ್ಟಿದ್ದೆವು. ಇಲ್ಲಿ ಅದು ಕೆಂಬೋಜಾ, ಸ್ಮಶಾನದ ಹೂವು. ಪಕ್ಕದ ಅಜ್ಜಿ ಕೆಲವು ದಿನ ಅದನ್ನೇ ನೋಡಿಕೊಂಡು ಹೋಗುತ್ತಿದ್ದರು. ಒಂದು ದಿನ ತೆಂಗಿನ ಚಿಪ್ಪಿನಲ್ಲಿ ಮಲ್ಲಿಗೆ ಸಸಿ ತಂದು, 'ಇದು ಇನ್ನೂ ಘಮ ಅಂತದೆ' ಅಂದರು. ಬೇರೆ ಏನೂ ಹೇಳಲಿಲ್ಲ. ಕೆಂಬೋಜಾ ಹಿತ್ತಲಿಗೆ ಹೋಯಿತು. ಆ ಮಲ್ಲಿಗೆ ಈಗ ಚಾವಣಿ ಮುಟ್ಟಿದೆ.

ಸಾವಾದರೆ

ಮಣ್ಣು ಮಾಡುವುದು ಬೇಗ, ಸಾಧ್ಯವಾದರೆ ಅದೇ ದಿನ. ಸುದ್ದಿ ಬಂದ ಕೂಡಲೇ ಹೋಗಿ. ಗಾಢ ಬಣ್ಣದ ಸಾದಾ ಬಟ್ಟೆ, ಹೆಂಗಸರು ತಲೆಗೆ ದುಪ್ಪಟ್ಟಾ. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಸುಮ್ನೆ ಕೂತರೂ ಸಾಕು. ಕುರ್ಚಿ ಹಾಕಿ, ನೀರು ಕೊಡಿ. ಸ್ವಲ್ಪ ದುಡ್ಡನ್ನು ಕವರಿನಲ್ಲಿಟ್ಟು ಮನೆಯವರ ಕೈಗೆ ಕೊಡಬಹುದು.

ಊರು ಬಿಡುವಾಗ

ವರ್ಗವಾಗಿ ಹೊರಟಾಗ ರಾತ್ರೋರಾತ್ರಿ ಲಾರಿ ತುಂಬಿಸಿ ಹೋಗಬೇಡಿ. ಮನೆ ಮನೆಗೆ ಹೋಗಿ ಹೇಳಿ. ಆಗ ಒಂದು ಮಾತು ಆಡುವ ರೂಢಿ ಇದೆ: 'ಹಲಾಲ್ಕಾನ್ ಮಾಕಾನ್ ಮಿನುಮ್.' ನಿಮ್ಮ ಮನೆಯಲ್ಲಿ ತಿಂದದ್ದು, ಕುಡಿದದ್ದರ ಋಣವನ್ನು ಮನ್ನಿಸಿಬಿಡಿ ಅಂತ ಅರ್ಥ. ಮೊದಲು ತೊಕ್ ಕೆತುವಾ ಮನೆ, ಕೊನೆಗೆ ಪಕ್ಕದ ಮನೆ. ಪಕ್ಕದ ಮನೆಗೆ ಸ್ವಲ್ಪ ಹೊತ್ತು ಜಾಸ್ತಿ ಇಟ್ಟುಕೊಳ್ಳಿ, ಅಲ್ಲಿ ಬೇಗ ಏಳಲು ಬಿಡುವುದಿಲ್ಲ.