ಹಾವು ಕಡಿತದ ಸ್ಲೈಡು ಕಾಲೇಜಿನ ಗೇಟು ದಾಟಲಿ: ವೈದ್ಯಕೀಯ ಪಾಠವನ್ನು ಮುಕ್ತವಾಗಿ ಹಂಚುವುದು ಹೇಗೆ?

ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಈ ನಾಲ್ಕರ ಬಗ್ಗೆ ಮೆಡಿಕಲ್ ಕಾಲೇಜುಗಳಲ್ಲಿ ಮೇಷ್ಟ್ರುಗಳು ವರ್ಷವರ್ಷವೂ ಸ್ಲೈಡು ಮಾಡುತ್ತಾರೆ. ಕ್ಲಾಸು ಮುಗಿದ ಮೇಲೆ ಅದು ಪೆನ್‌ಡ್ರೈವ್ ಸೇರುತ್ತದೆ. ಇಲ್ಲವೇ ಯಾರು ಮಾಡಿದ್ದು ಅಂತಲೂ ಗೊತ್ತಿಲ್ಲದೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಈ ಪಾಠ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗೂ ಬೇಕು, ಆಶಾ ಕಾರ್ಯಕರ್ತೆಗೂ ಬೇಕು. ಆದರೆ ನಿಮ್ಮ ಫೈಲನ್ನು ತಿದ್ದಿ, ಕನ್ನಡಕ್ಕೆ ತಂದು ಬಳಸಬೇಕೆಂದರೆ ಅವರು ನಿಮ್ಮ ಅನುಮತಿ ಕೇಳಬೇಕು. ‘ಹಕ್ಕು ನನ್ನದು’ ಎಂದು ನೀವು ಎಲ್ಲೂ ಬರೆಯದಿದ್ದರೂ ಕೃತಿಸ್ವಾಮ್ಯ (ಕಾಪಿರೈಟ್) ತಾನಾಗಿಯೇ ಹುಟ್ಟುತ್ತದೆ, ಭಾರತದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಆ ಅನುಮತಿಯನ್ನು ಎಲ್ಲರಿಗೂ ಮೊದಲೇ ಬರೆದುಕೊಡುವುದೇ ಮುಕ್ತ ಪರವಾನಗಿ. 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇದಕ್ಕೆ ಹೆಚ್ಚು ಬಳಕೆಯಲ್ಲಿವೆ. ಪರವಾನಗಿ ಆರಿಸುವುದು ಎರಡು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಗುಡಿಸಿ ಸಾರಿಸುವ ಕೆಲಸವೇ ಜಾಸ್ತಿ.

ಮೊದಲು ಕೇಳಿಕೊಳ್ಳಿ: ಇದು ಯಾರದು?

ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರೇ ಮೊದಲ ಒಡೆಯರು ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಹಾಗಾಗಿ ವಿಭಾಗದ ಮುಖ್ಯಸ್ಥರಿಂದ, ಪ್ರಾಂಶುಪಾಲರಿಂದ ಒಂದು ಸಾಲಿನ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ರೋಗಿಯನ್ನು ಫೈಲಿನಿಂದ ಹೊರಗಿಡಿ

2002ರ ವೈದ್ಯರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ಗುರುತು ಸಿಗುವಂತೆ ರೋಗಿಯ ಫೋಟೊ ಪ್ರಕಟಿಸಲು ಅವರ ಅನುಮತಿ ಬೇಕೇ ಬೇಕು. ಚಿಕಿತ್ಸೆಗೆ ಹಾಕಿಸಿಕೊಂಡ ಸಹಿ ಇದಕ್ಕೆ ಸಲ್ಲದು. ‘ಈ ಚಿತ್ರವನ್ನು ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು, ಬಳಸಬಹುದು, ಆಮೇಲೆ ವಾಪಸ್ ತರಿಸಲು ಆಗುವುದಿಲ್ಲ’ ಎಂದು ಅವರ ಭಾಷೆಯಲ್ಲೇ ಓದಿ ಹೇಳಿ ಬೇರೆ ಕಾಗದಕ್ಕೆ ಸಹಿ ಪಡೆಯಿರಿ. ಗುರುತು ಸಿಗದಿದ್ದರೆ ಅನುಮತಿ ಬೇಕಿಲ್ಲ ಎಂದೂ ಆ ನಿಯಮದಲ್ಲಿದೆ. ನನ್ನನ್ನು ಕೇಳಿದರೆ ಆಗಲೂ ಕೇಳಿಬಿಡುವುದೇ ಒಳ್ಳೆಯದು.

ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಹೋಗುವುದಿಲ್ಲ. ಊದಿದ ಕೈಯ ಫೋಟೊ ತೆಗೆದುಕೊಳ್ಳಿ. ಮುಖವೇ ಇಲ್ಲ, ಸರಿ. ಆದರೆ ಮುಂಗೈ ಮೇಲೆ ಹಚ್ಚೆಯಲ್ಲಿ ಗಂಡನ ಹೆಸರಿದೆ, ಮಣಿಕಟ್ಟಿನಲ್ಲಿ ಆಸ್ಪತ್ರೆಯ ನಂಬರಿನ ಪಟ್ಟಿ ಇದೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ವಿಡಿಯೊದಲ್ಲೂ ಇದೇ ಕಥೆ. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ ಇಟ್ಟು, 20 ನಿಮಿಷ ಆದ ಮೇಲೆ ಒಮ್ಮೆ ವಾಲಿಸಿ ನೋಡುವ ಪರೀಕ್ಷೆ ಅದು. ಕ್ಯಾಮೆರಾ ನಳಿಕೆಯ ಮೇಲೇ ಇರುತ್ತದೆ, ನಳಿಕೆಯ ಚೀಟಿಯ ಮೇಲೆ ರೋಗಿಯ ಹೆಸರು! ಚಿತ್ರೀಕರಣಕ್ಕೆ ಮುಂಚೆಯೇ ಚೀಟಿಯನ್ನು ಹಿಂದಕ್ಕೆ ತಿರುಗಿಸಿ.

ಇನ್ನು ಕಣ್ಣಿಗೆ ಬೀಳದ ಜಾಗಗಳು. ಪವರ್‌ಪಾಯಿಂಟ್‌ನಲ್ಲಿ ಫೋಟೊ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಫೈಲಿನೊಳಗೇ ಉಳಿದಿರುತ್ತದೆ. ಮತ್ತೆ ಕ್ರಾಪ್ ಒತ್ತಿದವರಿಗೆ ಪೂರ್ತಿ ಮುಖ ಕಾಣುತ್ತದೆ. ‘ಕಂಪ್ರೆಸ್ ಪಿಕ್ಚರ್ಸ್’ಗೆ ಹೋಗಿ ಕತ್ತರಿಸಿದ ಭಾಗ ಅಳಿಸುವ ಆಯ್ಕೆಗೆ ಗುರುತು ಹಾಕಿ. ಹೆಸರಿನ ಮೇಲೆ ಇಟ್ಟ ಕಪ್ಪು ಡಬ್ಬಿಯನ್ನು ಯಾರಾದರೂ ಎಳೆದು ಪಕ್ಕಕ್ಕಿಡಬಹುದು, ಆದ್ದರಿಂದ ಅದನ್ನು ಚಿತ್ರದಲ್ಲೇ ಅಳಿಸಿ ಹೊಸದಾಗಿ ಸೇರಿಸಿ. ಎಕ್ಸೆಲ್‌ನಿಂದ ತಂದು ಅಂಟಿಸಿದ ಗ್ರಾಫಿನ ಹಿಂದೆ ಕೆಲವೊಮ್ಮೆ ಇಡೀ ರೋಗಿಗಳ ಪಟ್ಟಿಯೇ ಕೂತಿರುತ್ತದೆ. ಗ್ರಾಫನ್ನು ಬರೀ ಚಿತ್ರವಾಗಿ ಅಂಟಿಸಿದರೆ ಈ ತಲೆನೋವಿಲ್ಲ. ಸ್ಕ್ಯಾನ್ ಚಿತ್ರಗಳ ಮೇಲಂಚು, ಸ್ಲೈಡಿನ ಕೆಳಗಿನ ನೋಟ್ಸ್, ಮೊಬೈಲ್ ಫೋಟೊದೊಳಗಿನ ಜಾಗದ ಗುರುತು ಇವನ್ನೂ ನೋಡಿ.

ಬೇರೆಯವರ ಚಿತ್ರಗಳು

ಕ್ಲಾಸಿನಲ್ಲಿ ಪಠ್ಯಪುಸ್ತಕದ ಚಿತ್ರ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಕರಿಗೆ ವಿನಾಯಿತಿ ಕೊಟ್ಟಿದೆ. ಹಾಗಂತ ಆ ಚಿತ್ರವನ್ನು ‘ಯಾರು ಬೇಕಾದರೂ ಬಳಸಿ’ ಎಂದು ಊರಿಗೆಲ್ಲ ಕೊಡಲು ಅದು ನಿಮ್ಮದಲ್ವಲ್ಲ. ಗೂಗಲ್‌ನಲ್ಲಿ ಸಿಕ್ಕ ಚಿತ್ರವೂ ಅಷ್ಟೇ. ತೆಗೆದುಹಾಕಿ, ಬದಲಿ ಹುಡುಕಿ. ಮುಕ್ತ ಚಿತ್ರಗಳ ತಾಣಗಳಾದ ಸರ್ವಿಯೆ ಮೆಡಿಕಲ್ ಆರ್ಟ್, ವಿಕಿಮೀಡಿಯ ಕಾಮನ್ಸ್, ಮುಕ್ತ ಪಠ್ಯಪುಸ್ತಕ ತರುವ ಓಪನ್‌ಸ್ಟ್ಯಾಕ್ಸ್‌ನ ಅಂಗರಚನಾ ಪುಸ್ತಕ ಇವುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಗ್ರೇ ಅನಾಟಮಿಯ 1918ರ ಅಮೆರಿಕ ಆವೃತ್ತಿಯ ಚಿತ್ರಗಳಂತೂ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಕ್ಕುಮುಕ್ತವಾಗಿಯೇ ಇವೆ. (ಆ ಪುಸ್ತಕದ ಮೊದಲ ಚಿತ್ರಕಾರ ಹೆನ್ರಿ ವ್ಯಾಂಡೈಕ್ ಕಾರ್ಟರ್ ಆಮೇಲೆ ಬಾಂಬೆಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು.) ತೆಗೆದುಕೊಂಡ ಪ್ರತಿ ಚಿತ್ರದ ಕೆಳಗೂ ಹೆಸರು, ಮಾಡಿದವರು, ಎಲ್ಲಿಂದ ತಂದದ್ದು, ಯಾವ ಪರವಾನಗಿ ಎಂದು ಬರೆಯಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ‘ಎನ್‌ಸಿ’, ‘ಎಸ್‌ಎ’ ಎಂಬ ಎರಡು ಷರತ್ತು ಇರುತ್ತವೆ. ವ್ಯಾಪಾರಕ್ಕೆ ಬಳಸುವಂತಿಲ್ಲ, ತಿದ್ದಿದರೆ ಅದೇ ಷರತ್ತಿನಲ್ಲೇ ಹಂಚಬೇಕು. ಅಲ್ಲಿನ ಚಿತ್ರವನ್ನು ತಿದ್ದಿ ಬಳಸಿದರೆ ನಿಮ್ಮ ತಿದ್ದಿದ ಚಿತ್ರಕ್ಕೂ ಆ ಷರತ್ತು ಅಂಟಿಕೊಳ್ಳುತ್ತದೆ. ಮೊದಲ ಪುಟಗಳನ್ನು ತಿರುವಿ ನೋಡದೆ ಮುಂದೆ ಹೋಗಬೇಡಿ.

ಯಾವ ಪರವಾನಗಿ?

ನನ್ನ ಮತ ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬಿವೈ 4.0’ಕ್ಕೆ. ನಿಮ್ಮ ಹೆಸರು ಹೇಳಿ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ‘ಕೋಚಿಂಗ್ ಸೆಂಟರ್‌ನವರು ಮಾರಿಕೊಂಡರೆ?’ ಎಂಬ ಭಯಕ್ಕೆ ಬಹಳ ಜನ ಎನ್‌ಸಿ ಹಾಕುತ್ತಾರೆ. ಆಗ ಫೀಸು ತೆಗೆದುಕೊಳ್ಳುವ ಸಣ್ಣ ನರ್ಸಿಂಗ್ ಕಾಲೇಜಿನವರೂ ಬಳಸಬಹುದೋ ಇಲ್ಲವೋ ಎಂದು ಹಿಂಜರಿಯುತ್ತಾರೆ. ವಿಕಿಮೀಡಿಯ ಕಾಮನ್ಸ್ ಅಂತೂ ಅದನ್ನು ಸೇರಿಸಿಕೊಳ್ಳುವುದೇ ಇಲ್ಲ.

ಔಷಧದ ಪ್ರಮಾಣವನ್ನು ಯಾರಾದರೂ ತಪ್ಪಾಗಿ ತಿದ್ದಿಬಿಟ್ಟರೆ ಎಂದು ‘ಎನ್‌ಡಿ’, ಅಂದರೆ ತಿದ್ದುವಂತಿಲ್ಲ ಎಂಬ ಷರತ್ತು ಹಾಕುವವರೂ ಇದ್ದಾರೆ. ಭಯ ನ್ಯಾಯವಾದದ್ದೇ. ಆದರೆ ಎನ್‌ಡಿ ಇದ್ದರೆ ಕನ್ನಡ ಅನುವಾದವನ್ನೂ ಹಂಚುವ ಹಾಗಿಲ್ಲ. ಸಿಸಿ ಬಿವೈ 4.0 ಪ್ರಕಾರ ತಿದ್ದಿದವರು ತಿದ್ದಿದ್ದೇವೆ ಎಂದು ಹೇಳಲೇಬೇಕು. ಅದರ ಜೊತೆಗೆ ಪ್ರತಿವಿಷದ ಪ್ರಮಾಣ ಇರುವ ಸ್ಲೈಡಿನ ಮೇಲೇ ದಿನಾಂಕ, ಯಾವ ಮಾರ್ಗಸೂಚಿಯಿಂದ ತೆಗೆದದ್ದು ಎಂದು ಬರೆದರೆ ಸಾಕು. ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯುವಂತಿಲ್ಲ, ನೆನಪಿರಲಿ.

ಎಲ್ಲಿ, ಹೇಗೆ ಹಾಕುವುದು?

ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಫೈಲನ್ನೂ ಕೊಡಿ. ಬರೀ ಪಿಡಿಎಫ್ ಕೊಟ್ಟರೆ ಅನುವಾದ ಮಾಡುವವರು ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು. ಕನ್ನಡ ಸ್ಲೈಡಾದರೆ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಗೀಚಾಗುತ್ತದೆ. ಫೈಲಿಗೆ ‘ಫೈನಲ್ ನ್ಯೂ 2’ ಅಂತ ಹೆಸರಿಟ್ಟರೆ ಯಾರಿಗೆ ಸಿಗಬೇಕು? ವಿಷಯ, ವರ್ಷ, ಸಾಧ್ಯವಾದರೆ ಎಂಬಿಬಿಎಸ್ ಪಠ್ಯಕ್ರಮದ ಸಾಮರ್ಥ್ಯ (ಕಾಂಪಿಟೆನ್ಸಿ) ಸಂಖ್ಯೆ ಹಾಕಿ. ಮೊದಲ ಸ್ಲೈಡಿನಲ್ಲೇ ಪರವಾನಗಿಯ ಹೆಸರು, ಕೊಂಡಿ ಇರಲಿ.

ಚಿತ್ರಕ್ಕೆ, ವಿಡಿಯೊಗೆ ವಿಕಿಮೀಡಿಯ ಕಾಮನ್ಸ್ ಒಳ್ಳೆಯದು. ಅಲ್ಲಿ ಎಂಪಿ4 ಮಾದರಿಯ ವಿಡಿಯೊ ನಡೆಯುವುದಿಲ್ಲ, ವೆಬ್‌ಎಂ ಮಾದರಿಗೆ ಬದಲಾಯಿಸಿಕೊಳ್ಳಿ. ಸ್ಲೈಡುಗಳಿಗೆ ಝೆನೊಡೊ ಸರಿ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಉಚಿತ ಉಗ್ರಾಣ ಅದು. ಹಾಕಿದ ಪ್ರತಿ ಪಾಠಕ್ಕೂ ಶಾಶ್ವತ ಗುರುತಾಗಿ ಡಿಒಐ ಸಂಖ್ಯೆ ಸಿಗುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಬದಲಾದಾಗ ಹೊಸ ಪಾಠವನ್ನು ಬೇರೆ ಕಡೆ ಹಾಕಬೇಡಿ. ಅದೇ ಪುಟದಲ್ಲಿ ‘ಹೊಸ ಆವೃತ್ತಿ’ ಒತ್ತಿ ಸೇರಿಸಿ. ಎಲ್ಲ ಆವೃತ್ತಿಗಳಿಗೂ ಸೇರಿ ಒಂದು ಡಿಒಐ ಇರುತ್ತದೆ; ಹಂಚುವಾಗ ಅದನ್ನೇ ಕೊಟ್ಟರೆ ಒತ್ತಿದವರಿಗೆ ಯಾವಾಗಲೂ ಇತ್ತೀಚಿನದೇ ತೆರೆಯುತ್ತದೆ.