ಲಿವರ್-ಆ್ಯಕ್ಷನ್ ರೈಫಲ್‌ಗೆ ಯಾವ ಕ್ಯಾಲಿಬರ್? ಮೊದಲು ದೂರ ಅಳೆಯಿರಿ, ಆಮೇಲೆ ಅಂಗಡಿಯ ಕಪಾಟು ನೋಡಿ

ರೈಫಲ್‌ನ ಮರದ ಹಿಡಿಯನ್ನು ಬದಲಿಸಬಹುದು, ಗುರಿ ನೋಡುವ ಸೈಟನ್ನೂ ಬದಲಿಸಬಹುದು. ಒಮ್ಮೆ ಆರಿಸಿದ ಕ್ಯಾಲಿಬರ್ ಮಾತ್ರ ಆ ಕೋವಿ ಇರುವವರೆಗೂ ಅದೇ. ಅಮೆರಿಕದಲ್ಲಿ ಜಿಂಕೆ ಬೇಟೆಗೋ ಶೂಟಿಂಗ್ ರೇಂಜಿಗೋ ಮೊದಲ ಲಿವರ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿಯನ್ನು ಮುಂದೆ ತಳ್ಳಿ ಹಿಂದೆಳೆದು ತೋಟಾ ಏರಿಸುವ ಕೋವಿ) ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಬಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು .45-70 ತರುತ್ತಾರೆ, ಎರಡು ಡಬ್ಬಿ ಹೊಡೆಯುವಷ್ಟರಲ್ಲಿ ಭುಜ ನೊಂದು ಕೋವಿ ಬೀರು ಸೇರುತ್ತದೆ. ನೀವು ಎಷ್ಟು ದೂರಕ್ಕೆ ಹೊಡೆಯುತ್ತೀರಿ, ಯಾವ ರಾಜ್ಯದಲ್ಲಿ ಹೊಡೆಯುತ್ತೀರಿ, ಹತ್ತಿರದ ಅಂಗಡಿಯಲ್ಲಿ ಯಾವ ತೋಟಾ ವರ್ಷವಿಡೀ ಸಿಗುತ್ತದೆ ಎನ್ನುವುದು ಗೊತ್ತಾದರೆ ಉತ್ತರ ತಾನಾಗಿ ಸಿಗುತ್ತದೆ.

ಇಲ್ಲಿ ತೋಟಾ ಅಂದರೆ ಹಿತ್ತಾಳೆಯ ಕೇಸು, ಏಟು ಬಿದ್ದರೆ ಕಿಡಿ ಹಚ್ಚುವ ಕೇಪು, ಮದ್ದು, ಗುಂಡು ಎಲ್ಲ ಸೇರಿದ್ದು. ಗುಂಡು ಅಂದರೆ ನಳಿಗೆಯಿಂದ ಹಾರುವ ಸೀಸ ಮಾತ್ರ. ಅಂಗಡಿಯಲ್ಲಿ ‘ಕ್ಯಾಲಿಬರ್’ ಅನ್ನುವುದು ನಿಜಕ್ಕೂ ತೋಟಾದ ಹೆಸರನ್ನು. ವ್ಯಾಸ ಒಂದೇ ಆದ ಮಾತ್ರಕ್ಕೆ ತೋಟಾ ಒಂದೇ ಆಗುವುದಿಲ್ಲ: .35 ರೆಮಿಂಗ್ಟನ್, .360 ಬಕ್‌ಹ್ಯಾಮರ್ ಎರಡರ ಗುಂಡೂ .358 ಇಂಚಿನದು, ಆದರೂ ಒಂದರ ತೋಟಾವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ನಳಿಗೆಯ ಮೇಲೆ ಕೆತ್ತಿರುವ ಹೆಸರೂ ತೋಟಾದ ತಳದಲ್ಲಿ ಒತ್ತಿರುವ ಹೆಸರೂ ಹೊಂದಬೇಕು. ಹಳೆಯ ವಿಂಚೆಸ್ಟರ್‌ಗಳ ಮೇಲೆ ‘30 ಡಬ್ಲ್ಯುಸಿಎಫ್’ ಎಂದಿದ್ದರೆ ಗಾಬರಿ ಬೇಡ, ಅದು .30-30ರ ಹಳೆಯ ಹೆಸರು.

ಕೊಳವೆ ಹೇಳುವ ನಿಯಮ

ಒಂದು .30-30 ತೋಟಾವನ್ನು ಅಂಗೈಯಲ್ಲಿಟ್ಟು ನೋಡಿ. ಉದ್ದ ಸುಮಾರು ಎರಡೂವರೆ ಇಂಚು. ತಳದಲ್ಲಿ ಉಗುರಿಗೆ ಸಿಗುವಂಥ ಅಂಚು, ನಡುವೆ ದುಂಡಗಿನ ಕೇಪು, ಮೇಲಕ್ಕೆ ಹೋದಂತೆ ಸ್ವಲ್ಪವೇ ಕಿರಿದಾಗುವ ಕೊರಳು. ಗುಂಡಿನ ಮೂಗು ಮಾತ್ರ ಚೂಪಾಗಿರುವುದಿಲ್ಲ, ಕತ್ತರಿಸಿದ ಪೆನ್ಸಿಲ್‌ನಂತೆ ಚಪ್ಪಟೆ. ಇದಕ್ಕೆ ಕಾರಣ ನಳಿಗೆಯ ಕೆಳಗಿರುವ ಮ್ಯಾಗಜೀನ್ ಕೊಳವೆ. ಅದರೊಳಗೆ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ, ಹಿಂದಿನದರ ಮೂಗು ಮುಂದಿನದರ ಕೇಪನ್ನು ಮುಟ್ಟಿಕೊಂಡೇ ಇರುತ್ತದೆ. ಗಟ್ಟಿ ಚೂಪು ಮೂಗಿನ ಗುಂಡಾದರೆ ಕೋವಿ ಒದ್ದಾಗ ಆ ಮೂಗೇ ಮುಂದಿನ ಕೇಪನ್ನು ಸಿಡಿಸಬಹುದು, ಆಗ ಕೊಳವೆಯೇ ಒಡೆಯುತ್ತದೆ. ಆದ್ದರಿಂದ ಕೊಳವೆ ಮ್ಯಾಗಜೀನಿಗೆ ಚಪ್ಪಟೆ ಮೂಗಿನದು, ಇಲ್ಲವೇ ಹಾರ್ನಡಿಯ ಲಿವರ್‌ಎವಲ್ಯೂಷನ್‌ನಂತೆ ರಬ್ಬರಿನ ಹಾಗೆ ಮೆತ್ತಗಿರುವ ತುದಿಯದು ಮಾತ್ರ.

ಚಪ್ಪಟೆ ಮೂಗು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಲಿವರ್ ರೈಫಲ್ 150-200 ಗಜದೊಳಗಿನ ಕಾಡು ಬೇಟೆಯ ಕೋವಿ ಎನಿಸಿಕೊಂಡಿದ್ದು ಇದರಿಂದಲೇ. ಬ್ರೌನಿಂಗ್‌ನ ಬಿಎಲ್‌ಆರ್, ಹೆನ್ರಿಯ ಲಾಂಗ್ ರೇಂಜರ್ ಕೊಳವೆ ಬಿಟ್ಟು ಪೆಟ್ಟಿಗೆ ಮ್ಯಾಗಜೀನ್ ಇಟ್ಟುಕೊಂಡಿವೆ, ಹಾಗಾಗಿ .243, .308ರಂಥ ಚೂಪು ಗುಂಡಿನ ತೋಟಾಗಳು ಅವುಗಳಲ್ಲಿ ನಡೆಯುತ್ತವೆ. 300 ಗಜದ ಬಯಲಿನಲ್ಲಿ ಬೇಟೆಯಾಡುವವರು ಲಿವರ್ ಬೇಕೇ ಬೇಕು ಅಂದರೆ ಅತ್ತ ಹೋಗಲಿ.

.30-30: ಮೊದಲ ಆಯ್ಕೆ ಇನ್ನೂ ಇದೇ

ವಿಂಚೆಸ್ಟರ್ 1894ರ ಮಾದರಿಗೆ 1895ರಲ್ಲಿ ಬಂದ ತೋಟಾ ಇದು. .30 ಇಂಚಿನ ಗುಂಡು, ಆಗಿನ ಹೊಗೆಯಿಲ್ಲದ ಮದ್ದು 30 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ), ಅದೇ ಹೆಸರಾಯಿತು. ಆ ಒಂದು ಮಾದರಿಯೇ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಜೊತೆಗೆ 1948ರಿಂದ ಮಾರ್ಲಿನ್ 336. ಇಷ್ಟು ಕೋವಿಗಳು ಮನೆಮನೆಯಲ್ಲಿರುವಾಗ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯವರೂ ಈ ತೋಟಾ ಇಟ್ಟಿರುತ್ತಾರೆ. ಜನಪ್ರಿಯತೆಗೆ ಬೆಲೆ ಬರುವುದು ಇಲ್ಲಿ: ಬೇಟೆಯ ಹಿಂದಿನ ಸಂಜೆ ಡಬ್ಬಿ ಮರೆತು ಬಂದರೂ ಸಿಗುತ್ತದೆ.

ಲೆಕ್ಕ ನೋಡೋಣ. 170 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಟು 1,830 ಅಡಿ-ಪೌಂಡ್ (ಹೊಡೆತದ ಶಕ್ತಿಯ ಅಳತೆ) ಬಲ ಹೊತ್ತಿರುತ್ತದೆ. 100 ಗಜಕ್ಕೆ 1,350, 200 ಗಜಕ್ಕೆ 1,000ದ ಆಸುಪಾಸು. ಜಿಂಕೆಗೆ ಕನಿಷ್ಠ 1,000 ಅಡಿ-ಪೌಂಡ್ ಇರಲಿ ಎನ್ನುವ ಹಳೆಯ ಬೇಟೆಗಾರರ ಲೆಕ್ಕಕ್ಕೆ ಇದು ಸರಿಯಾಗಿ 200 ಗಜದಲ್ಲಿ ಮುಗಿಯುತ್ತದೆ. ಈ ಅಂಕಿಗಳು ಕಂಪನಿಯವರು 24 ಇಂಚಿನ ನಳಿಗೆಯಲ್ಲಿ ತೆಗೆದವು. 20 ಇಂಚಿನ ಕಾರ್ಬೈನ್‌ನಲ್ಲಿ ವೇಗ ಕೊಂಚ ಕಡಿಮೆ ಬರುವುದರಿಂದ ಮಿತಿಯನ್ನು 150-175 ಗಜಕ್ಕೆ ಇಳಿಸಿಕೊಳ್ಳುವುದು ಪ್ರಾಣಿಗೆ ನಾವು ತೋರಬೇಕಾದ ಮರ್ಯಾದೆ. ಗಾಯಗೊಂಡು ಓಡುವ ಜಿಂಕೆ ಯಾರಿಗೂ ಬೇಡ.

100 ಗಜಕ್ಕೆ ಗುರಿ ಕೂಡಿಸಿದರೆ ಈ ಗುಂಡು 200 ಗಜದಲ್ಲಿ ಸುಮಾರು 8-9 ಇಂಚು ಕೆಳಗೆ ಬೀಳುತ್ತದೆ. ಮೆತ್ತನೆ ತುದಿಯ 160 ಗ್ರೇನ್ ತೋಟಾವನ್ನು 100 ಗಜದಲ್ಲಿ 3 ಇಂಚು ಮೇಲೆ ಬೀಳುವಂತೆ ಕೂಡಿಸಿದರೆ 200 ಗಜದಲ್ಲಿ ನೇರ ಗುರಿಗೇ ಬರುತ್ತದೆ, 300ಕ್ಕೆ ಒಂದು ಅಡಿ ಇಳಿಯುತ್ತದೆ. ಏಳೂವರೆ ಪೌಂಡಿನ ಕೋವಿಯಲ್ಲಿ ಒದೆತ 11 ಅಡಿ-ಪೌಂಡ್‌ನಷ್ಟು, ಹೊಸಬರೂ ತಡೆದುಕೊಳ್ಳಬಲ್ಲರು.

ಪಿಸ್ತೂಲಿನ ತೋಟಾಗಳು: .357, .44, .45 ಕೋಲ್ಟ್

ರೇಂಜಿನಲ್ಲಿ ವಾರವಾರ ಹೊಡೆಯುವವರಿಗೆ .357 ಮ್ಯಾಗ್ನಮ್‌ಗಿಂತ ಒಳ್ಳೆಯದನ್ನು ಹೇಳುವುದು ಕಷ್ಟ. 1935ರ ಈ ರಿವಾಲ್ವರ್ ತೋಟಾ ಕೈಕೋವಿಯಲ್ಲಿ 1,235 ಅಡಿ ವೇಗ ಕೊಟ್ಟರೆ ಉದ್ದ ನಳಿಗೆಯಲ್ಲಿ 1,800 ಮುಟ್ಟುತ್ತದೆ. ಮದ್ದು ಪೂರ್ತಿ ಉರಿಯಲು ಜಾಗ ಸಿಗುವುದೇ ಕಾರಣ. ಅದೇ ಕೋವಿಯಲ್ಲಿ ಅಗ್ಗದ .38 ಸ್ಪೆಷಲ್ ಕೂಡ ಹೋಗುತ್ತದೆ, 50ರ ಡಬ್ಬಿಯಲ್ಲಿ ಸಿಗುತ್ತದೆ. ಆದರೆ ಬಲ 100 ಗಜಕ್ಕೆ 700 ಅಡಿ-ಪೌಂಡ್ ಚಿಲ್ಲರೆಗೆ ಇಳಿಯುತ್ತದೆ. ಜಿಂಕೆಗೆ ಬಳಸುವುದಾದರೆ 50 ಗಜದೊಳಗೆ, ಮರದ ಮೇಲಿನ ಮಚಾನಿನಿಂದ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು 1,760 ಅಡಿ ವೇಗದಲ್ಲಿ ಹೊರಟು 100 ಗಜಕ್ಕೂ 1,000 ಅಡಿ-ಪೌಂಡ್ ಉಳಿಸಿಕೊಳ್ಳುತ್ತದೆ. ದಟ್ಟ ಕಾಡಿಗೆ ಅದೇ ಸರಿ.

ಇವುಗಳಲ್ಲಿ ತಪ್ಪುವುದು ತೋಟಾದ ಉದ್ದ. 1892ರ ವಿಂಚೆಸ್ಟರ್ ಮಾದರಿಯ ಕೋವಿಗಳು ತೋಟಾವನ್ನು ಮೇಲೆತ್ತುವ ಬಟ್ಟಲಿಗೆ .357ರದು ಹೆಚ್ಚೆಂದರೆ 1.59 ಇಂಚು, .44ರದು 1.61 ಇಂಚು ಇರಬೇಕು. ಅದಕ್ಕಿಂತ ಉದ್ದವಾದರೆ ಬಟ್ಟಲು ಏಳುವುದೇ ಇಲ್ಲ. ಭುಜದಂಥ ಅಂಚಿರುವ ಸೆಮಿ-ವ್ಯಾಡ್‌ಕಟರ್ ಗುಂಡು ನಳಿಗೆಯ ಬಾಯಿಗೆ ತಗುಲಿ ನಿಲ್ಲುತ್ತದೆ; ದುಂಡು-ಚಪ್ಪಟೆ ಮೂಗಿನದು ಸರಾಗವಾಗಿ ಹೋಗುತ್ತದೆ. ಮತ್ತೆ, .38 ನೂರಾರು ಹೊಡೆದ ಮೇಲೆ ತೋಟಾ ಕೂರುವ ಚೇಂಬರಿನಲ್ಲಿ ಕಸದ ಉಂಗುರ ಕಟ್ಟುತ್ತದೆ, ಆಮೇಲೆ ಹಾಕಿದ .357 ಸಿಕ್ಕಿಕೊಳ್ಳುತ್ತದೆ. ಕಂಚಿನ ಬ್ರಶ್ಶಿಗೆ ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಸಾಕು.

ಹಳೆಯ ಮಾರ್ಲಿನ್ 1894ರ .44 ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಸುರುಳಿ ಗೀರು 38 ಇಂಚಿಗೆ ಒಂದು ಸುತ್ತು ಮಾತ್ರ. 240 ಗ್ರೇನಿಗೆ ಅದು ಸಾಕು, 300 ಗ್ರೇನಿನ ಉದ್ದ ಗುಂಡು ಸ್ಥಿರವಾಗದೆ ಗುರಿಯ ಕಾಗದದಲ್ಲಿ ಅಡ್ಡ ತೂತು ಮಾಡುತ್ತದೆ.

ಕೌಬಾಯ್ ಸ್ಪರ್ಧೆಗಳಿಗೆ ಬೇಕಾದವರು ಅವನ್ನು ನಡೆಸುವ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿಯ (ಎಸ್‌ಎಎಸ್‌ಎಸ್) ನಿಯಮ ಓದಿಕೊಳ್ಳಲಿ: ಪಿಸ್ತೂಲು ಕ್ಯಾಲಿಬರ್, ಸೀಸದ ಗುಂಡು, ರೈಫಲ್ ವೇಗ 1,400 ಅಡಿ ಮೀರಬಾರದು. ಅಲ್ಲಿ .38 ಸ್ಪೆಷಲ್‌ನ ಹಗುರ ತೋಟಾವೇ ರಾಜ. .45 ಕೋಲ್ಟ್ 1873ರದಾದರೂ ಆ ಕಾಲದ ವಿಂಚೆಸ್ಟರ್‌ಗಳಲ್ಲಿ ಬಂದದ್ದಲ್ಲ. ಅಂಚು ಕಿರಿದಾಗಿದ್ದ ಆ ಕೇಸನ್ನು ಹಿಡಿದೆಳೆಯುವುದು ಕಷ್ಟವಿತ್ತು. ಇಂದಿನ ಕೋವಿಗಳಲ್ಲಿ ಚೆನ್ನಾಗಿ ನಡೆಯುತ್ತದೆ. 1873 ಮಾದರಿಯ ನಕಲಿಗೆ ‘+ಪಿ’ ಎಂದು ಬರೆದ ಹೆಚ್ಚು ಒತ್ತಡದ ತೋಟಾ ಮಾತ್ರ ಹಾಕಬೇಡಿ, ಅದರ ಕೀಲು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

.45-70 ಯಾರಿಗೆ

1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು, ಕರಿಮದ್ದು 70 ಗ್ರೇನ್. ರೂಗರ್ ಕಂಪನಿ ಮಾರ್ಲಿನ್ ಕೊಂಡ ಮೇಲೆ 2021ರ ಕೊನೆಗೆ ಮೊದಲು ಹೊರತಂದ ಕೋವಿಯೂ ಇದೇ ಕ್ಯಾಲಿಬರಿನ 1895 ಎಸ್‌ಬಿಎಲ್. ಎಲ್ಕ್, ಮೂಸ್‌ನಂಥ ಭಾರಿ ಪ್ರಾಣಿ, ಅಲಾಸ್ಕಾದ ಕರಡಿ ಇರುವ ಕಡೆ ಇದಕ್ಕೆ ಅರ್ಥವಿದೆ. ಬರೀ ಜಿಂಕೆಗೆ ಬೇಕಾಗಿಲ್ಲ.

ಡಬ್ಬಿಯ ಮೇಲಿನ ಬರಹವನ್ನು ಪೂರ್ತಿ ಓದಿ. ಈ ಹೆಸರಿನಲ್ಲೇ ಮೂರು ಮಟ್ಟದ ಒತ್ತಡದ ತೋಟಾಗಳಿವೆ. 405 ಗ್ರೇನಿನ 1,330 ಅಡಿಯ ಹಗುರ ತೋಟಾ ಆ ಕಾಲದ ಸೈನ್ಯದ ಹಳೆಯ ಟ್ರ್ಯಾಪ್‌ಡೋರ್ ರೈಫಲಿಗೂ ಸುರಕ್ಷಿತ. ‘ಆಧುನಿಕ ಲಿವರ್ ರೈಫಲಿಗೆ ಮಾತ್ರ’ ಎಂದು ಮುದ್ರಿಸಿದ್ದನ್ನು ಆ ಹಳೆಯ ಕೋವಿಗೆ ಹಾಕಿದರೆ ನಳಿಗೆಯ ಹಿಂಬದಿಯ ಬ್ರೀಚ್ ಒಡೆದು ಮುಖಕ್ಕೆ ಬರಬಹುದು. ಹಗುರ ತೋಟಾ 100 ಗಜಕ್ಕೆ ಕೂಡಿಸಿದರೆ 200ರಲ್ಲಿ ಎರಡು ಅಡಿ ಕೆಳಗೆ; ಬಿರುಸಿನ 325 ಗ್ರೇನಿನದು ನೆಟ್ಟಗೆ ಹೋಗುತ್ತದೆ, ಆದರೆ ಒದೆತ .30-30ರ ಮೂರು ಪಟ್ಟು. ಡಬ್ಬಿಯಲ್ಲಿ 20 ಮಾತ್ರ, ಬೆಲೆ ಎಲ್ಲಕ್ಕಿಂತ ಮೇಲೆ. ತೋಟಾ ತಾವೇ ತುಂಬಿಕೊಳ್ಳುವವರಿಗೆ ಒಂದು ಎಚ್ಚರಿಕೆ: ಮೆತ್ತನೆ ತುದಿಯ .45-70 ತೋಟಾದ ಖಾಲಿ ಕೇಸು ಸಾಮಾನ್ಯ 2.105 ಇಂಚಿಗಿಂತ ಗಿಡ್ಡ. ಎರಡನ್ನೂ ಬೆರೆಸಿದರೆ ಬಾಯಿ ಮಡಿಸುವಾಗ ಒಂದೇ ಅಳತೆ ಬರುವುದಿಲ್ಲ.

.22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಪುಟ್ಟ ತೋಟಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈ ಕೂರಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ, ಜಿಂಕೆಗೆ ಎಂದೂ ಅಲ್ಲ. ತೀರಾ ಸಣ್ಣದಾದ್ದರಿಂದ ಚೀಲದ ಹೊಲಿಗೆಯಲ್ಲಿ ಅಡಗಿಬಿಡುತ್ತದೆ. ರೇಂಜಿಗೆ ಒಯ್ದ ಚೀಲವನ್ನು ಊರಿಗೆ ಹೊರಡುವಾಗ ಬಳಸಬೇಡಿ. ಪರವಾನಗಿಯಿಲ್ಲದೆ ಒಂದೇ ಒಂದು ಸಜೀವ ತೋಟಾ ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. .35 ರೆಮಿಂಗ್ಟನ್, .32 ವಿಂಚೆಸ್ಟರ್ ಸ್ಪೆಷಲ್ ಒಳ್ಳೆಯ ತೋಟಾಗಳೇ, ಆದರೆ ಕಪಾಟಿನಲ್ಲಿ ಸಿಗುವುದು ಅಪರೂಪ. ಅಜ್ಜನ ಕೋವಿ ಕೈಗೆ ಬಂದಿದ್ದರೆ ಸರಿ, ಹೊಸದಾಗಿ ಹುಡುಕಿಕೊಂಡು ಹೋಗಬೇಡಿ.

ರಾಜ್ಯದ ನಿಯಮ, ವೀಸಾದ ನಿಯಮ

ಓಹಾಯೊದಲ್ಲಿ ಜಿಂಕೆಗೆ ರೈಫಲ್ ಬಳಸುವುದಾದರೆ .357ರಿಂದ .50ರವರೆಗಿನ, ಕೊರಳಿಲ್ಲದ ನೇರ ಕೇಸಿನ ತೋಟಾ ಮಾತ್ರ, ಕೋವಿಯಲ್ಲಿ ಒಟ್ಟು ಮೂರೇ. ಅಂದರೆ ಅಲ್ಲಿ .30-30 ನಡೆಯುವುದಿಲ್ಲ; .44, .45-70, .360 ಬಕ್‌ಹ್ಯಾಮರ್ ನಡೆಯುತ್ತವೆ. 2023ರಲ್ಲಿ ಬಂದ ಬಕ್‌ಹ್ಯಾಮರ್ ಹುಟ್ಟಿದ್ದೇ ಇಂಥ ರಾಜ್ಯಗಳಿಗಾಗಿ, .30-30ರ ಕೇಸನ್ನೇ ನೇರ ಮಾಡಿ. ಮಿಷಿಗನ್‌ನ ಸೀಮಿತ ವಲಯದ ನಿಯಮ ಕೇಸಿನ ಉದ್ದವನ್ನೂ 1.80 ಇಂಚಿಗೆ ಕಟ್ಟಿಹಾಕಿದ್ದರಿಂದ .45-70 ಅಲ್ಲಿ ಹೊರಗುಳಿಯಿತು. ಇವು ಬದಲಾಗುತ್ತಿರುತ್ತವೆ, ಕೊಳ್ಳುವ ಮೊದಲು ಆ ವರ್ಷದ ಬೇಟೆ ಕೈಪಿಡಿ ತೆರೆದು ನೋಡಿ. ಎಚ್-1ಬಿಯಂಥ ವಲಸೆಯೇತರ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಕೊಳ್ಳುವ ಮುನ್ನ

ಅಂಗಡಿಗೆ ಅದೇ ಕ್ಯಾಲಿಬರಿನ ಐದು ಡಮ್ಮಿ (ಮದ್ದು, ಕೇಪು ಇಲ್ಲದ) ತೋಟಾ ಒಯ್ಯಿರಿ. ಅಪ್ಪಣೆ ಕೇಳಿ, ಕೋವಿ ಖಾಲಿ ಇದೆಯೆಂದು ಕಣ್ಣಾರೆ, ಬೆರಳಾರೆ ನೋಡಿ, ನಳಿಗೆ ಜನರಿಲ್ಲದ ಕಡೆಗಿರಲಿ. ಐದನ್ನೂ ತುಂಬಿ ಲಿವರನ್ನು ಒಮ್ಮೆ ನಿಧಾನವಾಗಿ, ಮತ್ತೆ ತುಂಬಿ ಬಿರುಸಾಗಿ ಆಡಿಸಿ. ಲಿವರ್ ಮುಂದಕ್ಕೆ ಕೊನೆ ಮುಟ್ಟುವವರೆಗೆ ತಳ್ಳಬೇಕು. ಅರ್ಧಕ್ಕೆ ಎಳೆದರೆ ತೋಟಾ ಸಿಕ್ಕುವುದು ನಿಮ್ಮ ಕೈ ತಪ್ಪು, ಕೋವಿಯದಲ್ಲ. ಪೂರ್ತಿ ತಳ್ಳಿದರೂ ಕೊಳವೆಯಿಂದ ಎರಡು ತೋಟಾ ಒಟ್ಟಿಗೆ ನುಗ್ಗಿ ಲಿವರ್ ಗಟ್ಟಿಯಾಗಿ ನಿಂತರೆ ಬಟ್ಟಲು ಸವೆದಿದೆ ಎಂದರ್ಥ. ಹಳೆಯ ಮಾರ್ಲಿನ್‌ಗಳಲ್ಲಿ ಇದು ಪರಿಚಿತ ಕಾಯಿಲೆ. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿ, ಇಲ್ಲದಿದ್ದರೆ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಮೂರು ಬ್ರ್ಯಾಂಡಿನ ಒಂದೊಂದು ಡಬ್ಬಿ ತೆಗೆದುಕೊಂಡು, 25 ಗಜದಲ್ಲಿ ಶುರುಮಾಡಿ, 100 ಗಜದಲ್ಲಿ ಪ್ರತಿಯೊಂದರಿಂದ ಮೂರು ಮೂರು ಗುಂಡಿನ ಎರಡು ಗುಂಪು ಹೊಡೆಯಿರಿ. ನಳಿಗೆ ಬಿಸಿಯಾದರೆ ಗುಂಪು ಹರಡುತ್ತದೆ, ನಡುವೆ ಐದು ನಿಮಿಷ ಬಿಡಿ. ಗುಂಡು ಯಾವ ಕಡೆ ಸರಿಯಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಿ. ಯಾವ ಡಬ್ಬಿಯದು ಒತ್ತಾಗಿ ಬಿತ್ತೋ, ಅದನ್ನೇ ಒಂದೇ ಲಾಟ್ ನಂಬರಿನಲ್ಲಿ ಐದು ಡಬ್ಬಿ ಕೊಂಡಿಡಿ.